ಐವತ್ತು ತೋಟಾಗಳ ಮದ್ದು

ಆಗಸ್ಟ್ 19, ಮಂಗಳವಾರ

ದನದ ಮೇವಿನಂಗಡಿಯ ಉಚಿತ ಕಾಣಿಕೆಯಾಗಿ ಅವತರಿಸಿದ, ಮುಖಪುಟದ ಮೇಲೆ ಹೋರಿಯ ಭಾವಚಿತ್ರದಿಂದ ವಿರಾಜಮಾನವಾದ, ಏಳು ತಿಂಗಳಿಂದ ಒಂದಕ್ಷರದ ಕಳಂಕವನ್ನೂ ಅಂಟಿಸಿಕೊಳ್ಳದ ಪರಮಪವಿತ್ರ ದಿನಚರಿ ಪುಸ್ತಕದ ಪಾದಾರವಿಂದಗಳಿಗೆ, ಮೊಂಟಾನಾ ಸೀಮೆಯ ಸ್ಟ್ರಾಂಡ್ ವಂಶದ ಏಕಮಾತ್ರ ಕುಡಿಯೂ ಇಪ್ಪತ್ತು ವರ್ಷ ಪ್ರಾಯದವಳೂ ಆದ ಡೆಲ್ಲಾ ಮಾಡುವ ಸಾಷ್ಟಾಂಗ ವಿಜ್ಞಾಪನೆ ಏನೆಂದರೆ: ಇಂದು ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷದ ಶುಭಮುಹೂರ್ತದಲ್ಲಿ, ನಮ್ಮ ಕಾರುಶೆಡ್ಡಿನ ಮೂಲೆಯಲ್ಲಿ, ನನ್ನನ್ನು ಮದ್ದು ಅಳೆಯುವ ಹುದ್ದೆಗೆ ನೇಮಿಸಲಾಯಿತು. ಭೇರಿ ಬಾರಿಸಲಿಲ್ಲ. ನೇಮಿಸಿದವಳು ಅಳುತ್ತಿದ್ದಳು. ಅದನ್ನು ನಾನು ನೋಡಲಿಲ್ಲವೆಂದು ಮಾತಿಲ್ಲದೆ ಇಬ್ಬರೂ ಒಪ್ಪಿಕೊಂಡೆವು.

ನೇಮಿಸಿದವಳು ನಮ್ಮಮ್ಮ, ವರ್ನಾ ಸ್ಟ್ರಾಂಡ್. ಶಾಲೆ ಬಸ್ಸಿನ ಡ್ರೈವರ್. ತನ್ನ ಕೋವಿಯ ತೋಟಾಗಳನ್ನು ಇಪ್ಪತ್ತೊಂಬತ್ತು ವರ್ಷದಿಂದ ತಾನೇ ತುಂಬಿಕೊಂಡವಳು. ಹಾರಿಸಿ ಉಳಿದ ಹಿತ್ತಾಳೆ ತೋಟಾವನ್ನು ಎತ್ತಿಟ್ಟುಕೊಂಡು, ತೊಳೆದು, ಬುಡಕ್ಕೆ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ಮದ್ದು ಅಳೆದು ಸುರಿದು, ಬಾಯಿಗೆ ಗುಂಡು ಒತ್ತುವುದು. ಹೇಳಿದರೆ ಇಷ್ಟೇ. ಮದ್ದು ಕಡಿಮೆಯಾದರೆ ಗುಂಡು ನಳಿಗೆಯೊಳಗೇ ಸಿಕ್ಕಿಕೊಳ್ಳುತ್ತದೆ. ಹೆಚ್ಚಾದರೆ ಕೋವಿ ಹಿಂದಕ್ಕೆ, ಅಂದರೆ ಹಾರಿಸುವವಳ ಮುಖದ ಕಡೆಗೆ, ತನ್ನ ಅಭಿಪ್ರಾಯ ತಿಳಿಸುತ್ತದೆ. ಬೇರೆಯವರ ಕೈಯಲ್ಲಿ ತಯಾರಾದ ತೋಟಾವನ್ನು ಅಮ್ಮ ಈವರೆಗೆ ತನ್ನ ಕೋವಿಗೆ ಹಾಕಿಲ್ಲ. ನನ್ನ ಕೆನ್ನೆ, ನನ್ನ ಮದ್ದು ಅನ್ನುತ್ತಾಳೆ.

ಮೇ ತಿಂಗಳಿಂದ ಅವಳಿಗೆ ಕ್ಯಾನ್ಸರಿನ ಚಿಕಿತ್ಸೆ. ಆ ಔಷಧಿ ಬೆರಳ ತುದಿಗಳಿಗೆ ಜೋಮು ಹಿಡಿಸಿಬಿಟ್ಟಿದೆ. ಇಡೀ ದಿನ ಉಣ್ಣೆಯ ಕೈಗವಸು ಹಾಕಿಕೊಂಡ ಹಾಗೆ ಅನ್ನುತ್ತಾಳೆ. ಇವತ್ತು ಬೆಳಿಗ್ಗೆ ತುಂಬಲು ಕೂತವಳು ಆರು ತೋಟಾಗಳಲ್ಲಿ ನಾಲ್ಕನ್ನು ಕೆಡವಿದಳು. ಮದ್ದು ಅಳೆಯುವ ಯಂತ್ರದ ಹಿಡಿಕೆ ತುದಿ ಮುಟ್ಟಿತೋ ಇಲ್ಲವೋ ಕೈಗೆ ಗೊತ್ತಾಗುವುದಿಲ್ಲವಂತೆ. ಅರ್ಜಿ ಹಾಕಿ ಹಾಕಿ ಎಂಟು ವರ್ಷದ ಮೇಲೆ ಈ ಸಲ ಉತ್ತರದ ದಿಬ್ಬದಲ್ಲಿ ಎಲ್ಕ್ ಎಂಬ ಭಾರಿ ಜಿಂಕೆಯ ಬೇಟೆಗೆ ಪರವಾನಗಿ ಬಂದಿದೆ. ನವೆಂಬರ್‌ನಲ್ಲಿ ಹೋಗಿಯೇ ಹೋಗುತ್ತಾಳಂತೆ, ತನ್ನ ಮನೆಯ ತೋಟಾದಲ್ಲೇ ಹೊಡೆಯುತ್ತಾಳಂತೆ.

ಉಳಿದ ಕೈ ನನ್ನದು. ಹನ್ನೊಂದನೇ ವಯಸ್ಸಿನಲ್ಲಿ ಅದೇ ಯಂತ್ರದ ಗಾಜಿನ ಜಾಡಿಗೆ ಗಸಗಸೆ ತುಂಬಿಟ್ಟು, ತೋಟಾ ತುಂಬುವ ಮೇಜಿನ ಹತ್ತಿರ ಸುಳಿಯಬಾರದೆಂದು ಒಂಬತ್ತು ವರ್ಷ ಗಡೀಪಾರಾಗಿದ್ದ ಕೈ.

"ತಮಾಷೆ ಮಾಡಿದ್ಯೋ, ನಾನು ಹೋಗೋದೇ ಇಲ್ಲ, ಗೊತ್ತಾಯ್ತಾ?" ಅಂದಳು ಅಮ್ಮ.

ಹೆದರಿಸಿದ್ದರೆ ಚೆನ್ನಾಗಿತ್ತು. ಬೇಡಿಕೊಂಡ ಹಾಗಿತ್ತು.

ಆಗಸ್ಟ್ 23, ಶನಿವಾರ

ಇಂದು ಸ್ವಯಂವರ ನಡೆಯಿತು. ಮದ್ದು ಅಳೆಯುವ ಯಂತ್ರ ಯಾವುದು ಬೇಕೋ ನೀನೇ ಆರಿಸಿಕೋ, ಆದರೆ ಯಾಕೆಂದು ಹೇಳಬೇಕು ಎಂದು ರಾಜಾಜ್ಞೆ. ಮೂವರು ರಾಜಕುಮಾರರು ಆಗಮಿಸಿದ್ದರು.

ಒಂದನೆಯವನು ಅಮ್ಮನ ಹಳೆಯ ಕಬ್ಬಿಣದವನು. ಮೇಲೆ ಗಾಜಿನ ಜಾಡಿ, ನಡುವೆ ತಿರುಗುವ ಉರುಳೆ, ಪಕ್ಕದಲ್ಲಿ ಹಿಡಿಕೆ, ಕೆಳಗೆ ಮೂಗು. ಹಿಡಿಕೆ ಮೇಲೆತ್ತಿದರೆ ಉರುಳೆಯ ಗುಳಿಗೆ ಮದ್ದು ತುಂಬುತ್ತದೆ, ಇಳಿಸಿದರೆ ಮೂಗಿನಿಂದ ತೋಟಾಕ್ಕೆ ಬೀಳುತ್ತದೆ. ಎಷ್ಟು ಬೀಳುತ್ತದೆ ಎನ್ನುವುದು ತಿರುಪಿನ ಮೇಲೂ ಎತ್ತಿಳಿಸುವ ಕೈಯ ಮೇಲೂ ನಿಂತಿದೆ. ಎರಡನೆಯವನು ಹಸಿರು ಪ್ಲಾಸ್ಟಿಕ್ಕಿನವನು, ಹಗುರ, ಅಗ್ಗ. ಸಣ್ಣ ಹರಳಿನ ಮದ್ದು ಹಾಕಿದರೆ ಸಂದಿಯಿಂದ ಸೋರುತ್ತಾನೆ. ಮೂರನೆಯವನು ಕರೆಂಟಿನವನು. ಗುಂಡಿ ಒತ್ತಿದರೆ ತಾನೇ ಸುರಿದು, ತಾನೇ ತೂಗಿ, ಕೊನೆಯ ನಾಲ್ಕು ಕಾಳನ್ನು ಒಂದೊಂದಾಗಿ ಉದುರಿಸಿ, ಕೀಂ ಎಂದು ಕೂಗುತ್ತಾನೆ. ಅವನನ್ನು ಹೆಗಲ ಮೇಲೆ ಹೊತ್ತು ತಂದವರು ಪಕ್ಕದ ಮನೆಯ ಆರ್ವಿಡ್ ಮಾಮ, ರೈಲ್ವೆಯಲ್ಲಿದ್ದು ನಿವೃತ್ತರಾದವರು. ನಮಗೂ ಅವರಿಗೂ ನೆಂಟಸ್ತನವಿಲ್ಲ. ಅವರ ಅಂಗಳದ ಟೋಪಿ ಹಾಕಿದ ಕುಳ್ಳ ಬೊಂಬೆಯನ್ನು ವಾರಕ್ಕೊಂದು ಸಲ ನಾನು ಬೇರೆ ಬೇರೆ ಕಡೆ ಅಡಗಿಸಿಡುತ್ತೇನೆ, ಅಷ್ಟೇ ಬಾಂಧವ್ಯ.

ನಾನು ತಡಮಾಡದೆ ಕರೆಂಟಿನವನ ಕೊರಳಿಗೆ ಮಾಲೆ ಹಾಕಿದೆ. ಕಾರಣ: ಸೋಮಾರಿತನ. ಅಮ್ಮ ಒಳಗಿನ ಸೋಫಾದಲ್ಲಿ ಮಲಗಿದ್ದವಳು, ನಡುವಿನ ಬಾಗಿಲು ತೆರೆದಿಡಲು ಹೇಳಿದಳು. ಅಲ್ಲಿಂದ ಅವಳಿಗೆ ಕೇಳುತ್ತಿದ್ದದ್ದು ಕೀಂ ಒಂದೇ. ಹತ್ತು ಕೀಂ ಆಯಿತು. ಚೆನ್ನಾಗಿ ನಡೀತಿದೆ ಬಿಡು ಎಂದು ಗೋಡೆ ಕಡೆ ತಿರುಗಿ ಮಲಗಿದಳು.

ಊಟವಾದ ಮೇಲೆ ಕಬ್ಬಿಣದವನನ್ನು ಮೇಜಿನ ಅಂಚಿಗೆ ಬಿಗಿದೆ. ಕರೆಂಟಿನವನಿಗೆ ಫ್ಯಾನಿನ ಗಾಳಿ ತಾಗಿದರೂ ತೂಕ ತಪ್ಪುತ್ತದೆ, ಈ ಸೆಕೆಯಲ್ಲಿ ಫ್ಯಾನಿಲ್ಲದೆ ನನ್ನಿಂದಾಗದು ಎಂದು ಆರ್ವಿಡ್ ಮಾಮನಿಗೆ ಕಾರಣ ಕೊಟ್ಟೆ. ಆಮೇಲೆ ಹಿಡಿಕೆ ಎತ್ತಿ ಇಳಿಸಿದೆ. ಟಕ್, ಟಕ್.

"ಅಯ್ಯೋ, ಅದೇನು ಪಂಪು ಹೊಡೀತಿದ್ದೀಯೇನೇ? ನಿಧಾನ," ಎಂದಿತು ಸೋಫಾ.

ಆಗಸ್ಟ್ 31, ಭಾನುವಾರ

ಇಂದು ಮುನ್ನೂರು ಸಲ ಎತ್ತಿಳಿಸಿದೆ. ಒಂದು ತೋಟಾವೂ ತುಂಬಲಿಲ್ಲ. ಸುರಿದದ್ದನ್ನೆಲ್ಲ ಮತ್ತೆ ಜಾಡಿಗೇ ಹಾಕುವುದು. ಲೋಕದಲ್ಲಿ ಇಷ್ಟು ನಿರರ್ಥಕವಾದ ಕೆಲಸವನ್ನು ಕಂಡುಹಿಡಿದ ಮಹಾನುಭಾವರಿಗೆ ನಮೋ ನಮಃ.

ಅಮ್ಮನ ಮದ್ದು ಉದ್ದ ಕಾಳಿನದು, ಪೆನ್ಸಿಲ್ ಸೀಸದ ಚೂರುಗಳ ಹಾಗೆ. ಉರುಳೆ ತಿರುಗುವಾಗ ಒಂದು ಕಾಳು ಅಂಚಿಗೆ ಸಿಕ್ಕಿದರೆ ಕಟಕ್ ಎಂದು ತುಂಡಾಗುತ್ತದೆ, ಹಿಡಿಕೆ ಮುಗ್ಗರಿಸುತ್ತದೆ, ಅಳತೆ ತಪ್ಪುತ್ತದೆ. ಹಾಗಾದದ್ದನ್ನು ವಾಪಸ್ ಸುರಿಯಬೇಕು. ಎತ್ತುವ ವೇಗ ಒಂದೇ ಇರಬೇಕು, ಮೇಲೆ ಒಂದು ಉಸಿರು ನಿಲ್ಲಬೇಕು, ಇಳಿಸುವಾಗ ಒಂದೇ ಬಿಗಿ, ಕೆಳಗೆ ಒಂದೇ ತಟ್ಟು. ಜಾಡಿ ಅರ್ಧಕ್ಕಿಂತ ಕೆಳಗಿಳಿಯಬಾರದು. ಮೊದಲ ಹತ್ತು ಯಾವತ್ತೂ ಲೆಕ್ಕಕ್ಕಿಲ್ಲ. ಬೇಕಾದದ್ದಕ್ಕಿಂತ ಕೂದಲೆಳೆ ಕಡಿಮೆ ಬೀಳುವಂತೆ ತಿರುಪು ಬಿಗಿದು, ಉಳಿದದ್ದನ್ನು ತಕ್ಕಡಿಯ ಮೇಲೆ ಕಾಳು ಕಾಳಾಗಿ ಸೇರಿಸಬೇಕು. ಅಮ್ಮ ಇದನ್ನೆಲ್ಲ ಕಣ್ಣು ಮುಚ್ಚಿಕೊಂಡೇ ಹೇಳುತ್ತಾಳೆ. ಹೇಳುತ್ತ ಹೇಳುತ್ತ ಅವಳ ಬಲಗೈ ಹೊದಿಕೆಯ ಮೇಲೆ ಎತ್ತಿ ಇಳಿಯುತ್ತದೆ.

ನಾನು ಬೇಕೆಂದೇ ಒಂದನ್ನು ಒರಟಾಗಿ ಎಳೆದೆ, ನಿದ್ದೆ ಹೋಗಿದ್ದಾಳೋ ನೋಡೋಣ ಎಂದು.

"ಮೂವತ್ತೇಳನೇದು ಸುರಿದುಬಿಡು," ಅಂದಳು.

ಎಣಿಸುತ್ತಲೂ ಇದ್ದಾಳೆ. ಭುಜ ನೋಯುತ್ತಿದೆ. ನಾಳೆ ಮೇವಿನಂಗಡಿಯಲ್ಲಿ ಮೂಟೆ ಹೊರುವ ಪಾಳಿ ನನ್ನದೇ.

ಸೆಪ್ಟೆಂಬರ್ 9, ಮಂಗಳವಾರ

ಆಸ್ಪತ್ರೆ. ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. ಬರುವಾಗ ಮೂರು ಸಲ ಗಾಡಿ ನಿಲ್ಲಿಸಿದೆ. ವರ್ಣಿಸಲು ಏನೂ ಇಲ್ಲ.

ಸೆಪ್ಟೆಂಬರ್ 14, ಭಾನುವಾರ

ಈ ಮೇಜಿಗೆ ಒಂದೇ ಒಂದು ಕಾನೂನಿದೆ. ಒಂದು ಸಲಕ್ಕೆ ಒಂದೇ ಡಬ್ಬಿ. ಎದ್ದು ಹೋಗುವ ಮೊದಲು ಜಾಡಿಯನ್ನು ಆ ಡಬ್ಬಿಗೇ ಖಾಲಿ ಮಾಡು. ಗೋಡೆಯ ಮೇಲೆ ಅಮ್ಮನ ದಪ್ಪಕ್ಷರದಲ್ಲಿ ಬರೆದಿದೆ, ನಾನು ಹುಟ್ಟುವ ಮೊದಲಿನಿಂದ ಇದೆ.

ನಿನ್ನೆ ಸಂಜೆ ನಾನು ಎರಡು ಡಬ್ಬಿ ತೆಗೆದಿಟ್ಟಿದ್ದೆ. ಒಂದು ಅಮ್ಮನ ಎಲ್ಕ್ ತೋಟಾದ ಮದ್ದು. ಇನ್ನೊಂದು ಚಿಕ್ಕ ಕೋವಿಯದು, ಬೇಗ ಉರಿಯುವಂಥದು, ಅಮ್ಮನ ಕೋವಿಗೆ ಬಿದ್ದರೆ ಅದನ್ನು ಸಿಡಿಸಿಬಿಡುವಂಥದು. ಎರಡೂ ಕಡ್ಡಿ ಕಾಳು, ಎರಡೂ ಬೂದು. ಎರಡರ ಚಿಟಿಕೆಯನ್ನೂ ಭೂತಗನ್ನಡಿಯಲ್ಲಿಟ್ಟು ಯಾವುದು ಉದ್ದ ನೋಡೋಣ ಎಂದು ಹುಡುಗಾಟದ ಬುದ್ಧಿ. ಜಾಡಿ ತುಂಬಿದ್ದೆ. ಅಷ್ಟರಲ್ಲಿ ಅಮ್ಮ ಬಚ್ಚಲಲ್ಲಿ ಬಿದ್ದ ಸದ್ದಾಯಿತು. ಓಡಿದೆ. ಪೆಟ್ಟೇನೂ ಆಗಿರಲಿಲ್ಲ. ಒರೆಸಿ, ಬಟ್ಟೆ ಬದಲಿಸಿ, ಮಲಗಿಸಿ, ಪಕ್ಕದಲ್ಲೇ ಕೂತೆ.

ಇವತ್ತು ಬೆಳಿಗ್ಗೆ ಬಂದು ನೋಡಿದರೆ ಜಾಡಿಯ ತುಂಬ ಮದ್ದು, ಪಕ್ಕದಲ್ಲಿ ಮುಚ್ಚಳ ತೆಗೆದ ಎರಡು ಡಬ್ಬಿ. ಯಾವುದರಿಂದ ತುಂಬಿದ್ದೆ? ಅಮ್ಮನದರಿಂದಲೇ. ಹೌದು, ಅಮ್ಮನದರಿಂದಲೇ. ಭೂತಗನ್ನಡಿಯಲ್ಲಿ ನೋಡಿದೆ, ಎರಡೂ ಒಂದೇ ಥರ ಕಂಡವು. ಡಬ್ಬಿಗಳನ್ನು ಎತ್ತಿ ಅಲ್ಲಾಡಿಸಿದೆ. ಯಾವುದರಲ್ಲಿ ಎಷ್ಟಿತ್ತು ಎನ್ನುವುದೇ ನೆನಪಿಲ್ಲ. ಅಮ್ಮ ಇನ್ನೂ ಎದ್ದಿರಲಿಲ್ಲ. ಅವಳ ಡಬ್ಬಿಗೆ ಸುರಿದು ಮುಚ್ಚಳ ಹಾಕಿಬಿಟ್ಟಿದ್ದರೆ ಈ ಪ್ರಪಂಚದಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಡಬ್ಬಿಯ ಬಾಯಿಗೆ ಲಾಳಿಕೆ ಇಟ್ಟದ್ದೂ ಆಯಿತು.

ಲಾಳಿಕೆ ತೆಗೆದು, ಅವಳು ಏಳುವವರೆಗೆ ಕಾದು, ಹೋಗಿ ಹೇಳಿದೆ. ನೂರಕ್ಕೆ ತೊಂಬತ್ತು ಪಾಲು ನಿನ್ನ ಡಬ್ಬಿಯದೇ ಅಂದೆ.

ಅಮ್ಮ ಬೈಯುತ್ತಾಳೆಂದುಕೊಂಡಿದ್ದೆ.

"ಉಳಿದ ಹತ್ತು ಪಾಲು ನನ್ನ ಕೆನ್ನೆ ಪಕ್ಕ ಇರುತ್ತೆ ಕಣೇ," ಅಂದಳು. "ಹೋಗಿ ಗುಲಾಬಿ ಬುಡಕ್ಕೆ ಹಾಕು. ಗೊಬ್ಬರವಾದರೂ ಆಗಲಿ."

ಈ ವರ್ಷ ಈ ಮದ್ದು ಸುತ್ತಮುತ್ತಲ ಯಾವ ಅಂಗಡಿಯಲ್ಲೂ ಸಿಗುತ್ತಿಲ್ಲ. ಡಬ್ಬಿಯಲ್ಲಿ ಉಳಿದಿರುವುದು ಐವತ್ತು ತೋಟಾಕ್ಕೆ ಸಾಕು, ಮೇಲೆ ಒಂದು ಹಿಡಿ, ಅಷ್ಟೇ. ಗುಲಾಬಿ ಬುಡದಲ್ಲಿ ಹರಡಿ, ಮಣ್ಣು ಮುಚ್ಚಿ, ನೀರು ಹಾಕಿದೆ. ಆರ್ವಿಡ್ ಮಾಮ ಬೇಲಿಯಾಚೆಯಿಂದ ನೋಡಿ, ಏನಾಯಿತೆಂದು ಕೇಳದೆ ಟೋಪಿ ತೆಗೆದರು. ಅವರೂ ತಮ್ಮ ಕಾಲದಲ್ಲಿ ಗುಲಾಬಿಗೆ ಹಾಕಿದವರೇ ಇರಬೇಕು.

ಸೆಪ್ಟೆಂಬರ್ 30, ಮಂಗಳವಾರ

ತುಂಬಿದೆ. ಐವತ್ತೂ.

ಒಂದೇ ಸಲಕ್ಕೆ ಆಗಲಿಲ್ಲ. ತೂತುಗಳ ಹಲಗೆಯಲ್ಲಿ ಐವತ್ತು ತೋಟಾ ನಿಲ್ಲಿಸಿಕೊಂಡು ಬೆಳಿಗ್ಗೆ ಶುರು ಮಾಡಿದೆ. ಬಾಗಿಲು ತೆರೆದಿತ್ತು, ಆದರೆ ಅಮ್ಮ ಗಾಢ ನಿದ್ದೆಯಲ್ಲಿದ್ದಳು, ಬಾಯಿ ಸ್ವಲ್ಪ ತೆರೆದಿತ್ತು. ಎಣಿಸುವವರಿಲ್ಲದೆ ನಾನೇ ಪಿಸುಗುಟ್ಟಿ ಎಣಿಸಿದೆ. ಎಲ್ಲ ಮುಗಿದ ಮೇಲೆ, ಗುಂಡು ಒತ್ತುವ ಮೊದಲು, ಟಾರ್ಚು ಹಿಡಿದು ಪ್ರತಿಯೊಂದರ ಬಾಯೊಳಗೂ ನೋಡಬೇಕು. ಮದ್ದಿನ ಮಟ್ಟ ಎಲ್ಲದರಲ್ಲೂ ಒಂದೇ ಇರಬೇಕು. ಇಪ್ಪತ್ತೆರಡನೆಯದರಲ್ಲಿ ಮಟ್ಟ ಕೆಳಗಿತ್ತು. ಇಪ್ಪತ್ತಮೂರನೆಯದರಲ್ಲಿ ಕುತ್ತಿಗೆ ದಾಟಿ ಬಂದಿತ್ತು. ಮೂಗಿನ ಕೊಳವೆಯಲ್ಲಿ ಕಾಳುಗಳು ಅಡ್ಡಡ್ಡ ನಿಂತು ಸೇತುವೆ ಕಟ್ಟಿಕೊಂಡಿದ್ದವು. ಒಂದರ ಪಾಲನ್ನು ತಡೆದು ಇನ್ನೊಂದಕ್ಕೆ ಕೊಟ್ಟಿದ್ದವು. ಅವೆರಡನ್ನು ತಕ್ಕಡಿಗೆ ಹಾಕುವುದನ್ನು ನಾನು ಮರೆತಿದ್ದೆ, ಅಥವಾ ಹಾಕಿ ಕಣ್ಣೆತ್ತಿ ಸೋಫಾ ಕಡೆ ನೋಡುತ್ತಿದ್ದೆ.

ಎರಡನ್ನು ಮಾತ್ರ ಸರಿಮಾಡಿದ್ದರೆ ಸಾಕಿತ್ತು. ಐವತ್ತನ್ನೂ ಜಾಡಿಗೆ ಮಗುಚಿ ಮೊದಲಿನಿಂದ ಶುರು ಮಾಡಿದೆ. ಪ್ರತಿಯೊಂದನ್ನೂ ತೂಗಿದೆ. ಮಧ್ಯಾಹ್ನದ ಪಾಳಿಗೆ ಹೋಗಲಿಲ್ಲ. ಫೋನು ಮಾಡಿ ಹೊಟ್ಟೆನೋವು ಅಂದೆ.

ಅಮ್ಮ ಎದ್ದ ಮೇಲೆ ಎಷ್ಟಾಯಿತು ಎಂದು ಕೇಳಿದಳು. ಐವತ್ತು ಅಂದೆ. ಇಷ್ಟು ಹೊತ್ತು ಬೇಕಾಯಿತಾ ಐವತ್ತಕ್ಕೆ, ನಾನಾಗಿದ್ದರೆ ಅಡುಗೆಯನ್ನೂ ಮಾಡಿ ಮುಗಿಸುತ್ತಿದ್ದೆ ಎಂದು ಗೊಣಗಿದಳು. ಟೊಮೆಟೊ ಸೂಪು ಬಿಸಿ ಮಾಡಿ ಕೊಟ್ಟೆ. ಅರ್ಧ ಬಟ್ಟಲು ಕುಡಿದಳು. ಚಮಚ ಎರಡು ಸಲ ಜಾರಿತು. ಎರಡನೇ ಸಲ ನಾನೇ ಹಿಡಿದುಕೊಂಡೆ, ಅವಳು ಬಾಯಿ ತೆರೆದಳು.

ಅಕ್ಟೋಬರ್ 12, ಭಾನುವಾರ

ಶುಕ್ರವಾರ ಅಮ್ಮನ ಬಲಗಡೆ ಕೊರಳೆಲುಬಿನ ಕೆಳಗೆ ಚಿಕಿತ್ಸೆಯ ಔಷಧಿ ಒಳಬಿಡಲು ಚರ್ಮದಡಿ ಕೂರಿಸಿದ್ದ ಪುಟ್ಟ ಬಿಲ್ಲೆಯನ್ನು ತೆಗೆದುಹಾಕಿದರು. ಚಿಕಿತ್ಸೆ ಮುಗಿದಿದೆ. ಫಲ ಏನೆಂದು ಜನವರಿಯಲ್ಲಿ ಹೇಳುತ್ತಾರಂತೆ. ಕೋವಿಯ ಹಿಡಿ ಆನುವುದು ಸರಿಯಾಗಿ ಅದೇ ಜಾಗಕ್ಕೆ. ಒಂದು ತಿಂಗಳು ಏನೂ ತಾಗಿಸಬೇಡಿ ಅಂದಿದ್ದಾರೆ ಡಾಕ್ಟರಮ್ಮ. ಏನೂ ಅಂದರೆ ಏನು ಎಂದು ಅಮ್ಮ ಬಹಳ ಮುಗ್ಧವಾಗಿ ಕೇಳಿದಳಂತೆ. ಕೋವಿಯ ವಿಷಯ ಎತ್ತಲಿಲ್ಲವಂತೆ.

ಆದ್ದರಿಂದ ಕೋವಿಯ ಗುರಿ ನೋಡುವ ಕೆಲಸ ನನಗೇ ಬಿತ್ತು. ಆರ್ವಿಡ್ ಮಾಮನ ಪಿಕಪ್ಪಿನಲ್ಲಿ ಮೂವರೂ ಗುಡ್ಡದ ಹಿಂದಿನ ಮೈದಾನಕ್ಕೆ ಹೋದೆವು. ಅಮ್ಮನಿಗೆ ಮಡಚುವ ಕುರ್ಚಿ, ಕಂಬಳಿ, ದೂರದರ್ಶಕ. ನಾನು ಮಲಗಿ ಮೊದಲನೇ ತೋಟಾ ಹಾಕಿಕೊಂಡೆ. ಕೆನ್ನೆಯನ್ನು ಹಿಡಿಯ ಮೇಲಿಟ್ಟೆ. ಮರ ತಣ್ಣಗಿತ್ತು. ಇದಕ್ಕೆ ಮದ್ದು ಸುರಿದವರು ಯಾರು ಎಂಬ ಪ್ರಶ್ನೆ ಆ ಕ್ಷಣದಲ್ಲಿ ಬಂತು. ಎದ್ದು ಕೂತು ಬೂಟಿನ ಲಾಡಿ ಕಟ್ಟಿಕೊಂಡ ಹಾಗೆ ಮಾಡಿದೆ. ಆಮೇಲೆ ಹೊಡೆದೆ. ಐದು.

ಅಮ್ಮ ದೂರದರ್ಶಕದಿಂದ ಕಣ್ಣು ತೆಗೆಯದೆ, ಐದೂ ಒಂದು ಕಾಫಿ ಲೋಟದ ಬಾಯೊಳಗಿವೆ ಅಂದಳು. ದೂರದರ್ಶಕ ಕೆಳಗಿಟ್ಟು, "ಪರವಾಗಿಲ್ಲ," ಅಂದಳು.

ಆರ್ವಿಡ್ ಮಾಮ ನನ್ನ ಕಿವಿಯ ಹತ್ತಿರ ಬಾಗಿ, "ನಿಮ್ಮಪ್ಪನ್ನ ಮದುವೆಯಾದಾಗ್ಲೂ ಅವಳು ಇಷ್ಟು ಹೊಗಳಿರ್ಲಿಲ್ಲಮ್ಮ," ಅಂದರು. ಆ ಅಪ್ಪ ಸ್ಪೋಕೇನ್‌ನಲ್ಲಿ ಬೇರೆ ಸಂಸಾರ ಮಾಡಿಕೊಂಡಿದ್ದಾನೆ, ಆದ್ದರಿಂದ ಹೋಲಿಕೆ ಅಷ್ಟೇನೂ ದೊಡ್ಡದಲ್ಲ. ಆದರೂ ಬರೆದಿಟ್ಟುಕೊಂಡಿದ್ದೇನೆ.

ನವೆಂಬರ್ 3, ಸೋಮವಾರ

ಆರ್ವಿಡ್ ಮಾಮ ಬಂದು ಮೈ ಹುಷಾರಿಲ್ಲವಾ ಎಂದು ನನ್ನನ್ನು ವಿಚಾರಿಸಿದರು. ಹುಷಾರಾಗಿದ್ದೇನೆ ಅಂದೆ. ಹಾಗಾದರೆ ಬೊಂಬೆ ಯಾಕೆ ಆಗಸ್ಟ್‌ನಿಂದ ಇಟ್ಟಲ್ಲೇ ಇದೆ ಎಂದು ಕೇಳಿದರು. ನನಗೆ ನೆನಪೇ ಆಗಿರಲಿಲ್ಲ. ಅದರ ಟೋಪಿಯ ಮೇಲೆ ಹಿಮ ಕೂತಿದೆಯಂತೆ. ಅವರ ಮುಖ ನೋಡಿದರೆ ಬೇಜಾರಾಗಿರುವ ಹಾಗಿತ್ತು.

ಅಮ್ಮ ಇವತ್ತು ಅಂಗಳದಲ್ಲಿ ಇಪ್ಪತ್ತು ನಿಮಿಷ ನಡೆದಳು. ಖಾಲಿ ಕೋವಿ ಹಿಡಿದು ಅದರ ಕುದುರೆಯನ್ನು, ಅಂದರೆ ಗುಂಡು ಹಾರಿಸುವ ಕೀಲನ್ನು, ಒತ್ತುವ ಅಭ್ಯಾಸ ಮಾಡುತ್ತಿದ್ದಾಳೆ. ಬೆರಳಿಗೆ ತಿಳಿಯುವುದಿಲ್ಲವಲ್ಲ, ಅದಕ್ಕೆ ಬೆರಳನ್ನು ಕಣ್ಣಿನಿಂದ ನೋಡಿ ಕುದುರೆಯ ಮೇಲಿಡುತ್ತಾಳೆ, ಆಮೇಲೆ ಗುರಿಗೆ ಕಣ್ಣು ಕೊಡುತ್ತಾಳೆ. ಮತ್ತೆ ಮತ್ತೆ. ನಾನು ಅಡುಗೆಮನೆಯಿಂದ ನೋಡುತ್ತಿದ್ದೆ. ಆಲೂಗಡ್ಡೆ ಸೀದುಹೋಯಿತು.

ನವೆಂಬರ್ 13, ಗುರುವಾರ

ಡಾಕ್ಟರಮ್ಮನ ಒಂದು ತಿಂಗಳು ಕಳೆಯಿತು. ಭಾನುವಾರ ಹೋಗುವುದೆಂದು ನಿಶ್ಚಯವಾಗಿದೆ.

ಉಳಿದ ನಲವತ್ತೈದನ್ನೂ ಮತ್ತೆ ತೂಗಿದೆ. ತುಂಬಿದ ತೋಟಾ ತೂಗಿದರೆ ಏನೂ ತಿಳಿಯುವುದಿಲ್ಲ. ಹಿತ್ತಾಳೆಯ ತೂಕವೇ ಒಂದರಿಂದೊಂದಕ್ಕೆ ಬೇರೆ. ಅದು ನನಗೂ ಗೊತ್ತು. ಆದರೂ ತೂಗಿದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಐದು ಹಾರಿದವು, ಸರಿ. ಹಾರಿದ್ದು ಆ ಐದು. ಆರನೆಯದು ಏನು ಹೇಳುತ್ತದೆ ಎಂದು ಐದನ್ನು ಕೇಳಿದರೆ ಆಗುತ್ತದೆಯೇ.

ನವೆಂಬರ್ 16, ಭಾನುವಾರ

ಪರಮಪೂಜ್ಯ ಹೋರಿ ಚಿತ್ರಾಂಕಿತ ಪುಸ್ತಕವೇ, ಸಾವಧಾನದಿಂದ ಆಲಿಸುವಂಥದ್ದಾಗಬೇಕು. ಬಹಳ ದಣಿದಿದ್ದೇನೆ, ಆದರೂ ಬರೆಯದೆ ಆಗದು.

ಬೆಳಕು ಹರಿಯುವ ಹೊತ್ತಿಗೆ ದಿಬ್ಬದ ಕೆಳಗೆ ಪಿಕಪ್ಪು ನಿಲ್ಲಿಸಿದೆವು. ಆರ್ವಿಡ್ ಮಾಮ ಮಂಡಿನೋವೆಂದು ಗಾಡಿಯಲ್ಲೇ ಉಳಿದರು. ಮೇಲಿನ ಒಣ ಮರದ ದಿಮ್ಮಿಯವರೆಗಿನ ದಾರಿ ಅಮ್ಮನಿಗೆ ಮೊದಲೆಲ್ಲ ಹದಿನೈದು ನಿಮಿಷ. ಇವತ್ತು ಒಂದೂಕಾಲು ಗಂಟೆ. ಇಪ್ಪತ್ತು ಹೆಜ್ಜೆಗೊಮ್ಮೆ ಕೂರುತ್ತಿದ್ದಳು. ಕೂತಾಗಲೆಲ್ಲ, ಇಲ್ಲಿಂದ ನೋಟ ಚೆನ್ನಾಗಿದೆ ಅಲ್ಲವಾ ಅನ್ನುತ್ತಿದ್ದಳು. ಚೆನ್ನಾಗಿದೆ ಅನ್ನುತ್ತಿದ್ದೆ. ಎಲ್ಲೆಲ್ಲೂ ಅದೇ ನೋಟ.

ದಿಮ್ಮಿಯ ಹಿಂದೆ ಅವಳನ್ನು ಕೂರಿಸಿದೆ. ಅವಳ ಬೆರಳಲ್ಲಿ ತೋಟಾ ನಿಲ್ಲುವುದಿಲ್ಲ, ಆದ್ದರಿಂದ ಕೋವಿಗೆ ನಾನೇ ತುಂಬಿದೆ, ಮೂರು. ಕೋವಿಯನ್ನು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ತಕ್ಷಣ ಭುಜಕ್ಕೆ ಏರಿಸಲಿಲ್ಲ. ನನ್ನನ್ನು ನೋಡಿದಳು.

"ಎಲ್ಲಾನೂ ನೀನೇ ನೋಡಿದ್ದೀಯ ತಾನೇ?"

"ನೋಡಿದ್ದೀನಮ್ಮ."

"ಸರಿ ಹಾಗಾದ್ರೆ," ಅಂದು ಕೆನ್ನೆ ಇಟ್ಟಳು. ಅಷ್ಟೇ. ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಗಸಗಸೆಯ ಮಾತೆತ್ತಲಿಲ್ಲ. ಒಂಬತ್ತು ವರ್ಷದ ಗಡೀಪಾರು ಅಲ್ಲಿಗೆ ಮುಗಿಯಿತು.

ಎಂಟೂವರೆಗೆ ಪೈನ್ ಮರಗಳೊಳಗಿಂದ ಏಳು ಎಲ್ಕ್‌ಗಳು ಇಳಿದು ಬಂದವು. ಕೊನೆಯದು ದೊಡ್ಡ ಹೆಣ್ಣು, ಕರುವಿಲ್ಲದ್ದು, ಅಡ್ಡ ತಿರುಗಿ ನಿಂತಿತು. ಅಮ್ಮ ಕುದುರೆಯ ಮೇಲಿನ ಬೆರಳನ್ನು ನೋಡಿದಳು. ಆಮೇಲೆ ಗುರಿ ನೋಡಿದಳು. ಅವಳು ಉಸಿರು ಬಿಟ್ಟದ್ದು ನನಗೆ ಹಬೆಯಾಗಿ ಕಾಣಿಸಿತು. ನಾನು ಎಲ್ಕ್ ಕಡೆ ನೋಡಲೇ ಇಲ್ಲ, ಅವಳ ಕೆನ್ನೆಯನ್ನೇ ನೋಡುತ್ತಿದ್ದೆ. ಕೋವಿ ಹಾರಿತು. ಕೆನ್ನೆ ಇದ್ದಲ್ಲೇ ಇತ್ತು.

ಒಂದೇ ಗುಂಡು. ನಾಲ್ಕು ಹೆಜ್ಜೆ ಹೋಗಿ ಕುಸಿಯಿತು.

ಅಮ್ಮ ಕೋವಿಯನ್ನು ದಿಮ್ಮಿಗೆ ಒರಗಿಸಿ, ಆ ಜೋಮು ಹಿಡಿದ ಕೈಯಿಂದ ನನ್ನ ತಲೆಯ ಟೋಪಿಯನ್ನು ಸರಿಮಾಡಿದಳು. ಓರೆಯಾಗಿಯೇ ಕೂತಿತು.

"ಭುಜಕ್ಕೆ ಒದೆತ ಸ್ವಲ್ಪ ಜಾಸ್ತಿ. ಅದು ನಿನ್ನ ಕೈಗುಣ ಬಿಡು," ಅಂದಳು. "ಆದ್ರೆ ಒಳ್ಳೇ ತೋಟಾ ಕಣೇ. ನನ್ನ ತೋಟಾಕ್ಕೇನೂ ಕಮ್ಮಿಯಿಲ್ಲ."

ನಾನು ಹ್ಞೂಂ ಅಂದೆ.

ಕೊಯ್ದು, ಕಾಲುಗಳನ್ನು ಬೇರೆ ಮಾಡಿ, ನಾಲ್ಕು ಸಲ ಇಳಿದು ಹತ್ತಿ ಮಾಂಸ ಹೊತ್ತು ತಂದೆ. ಆರ್ವಿಡ್ ಮಾಮನಿಗೆ ಅಮ್ಮ ದಾರಿಯುದ್ದಕ್ಕೂ ಒಂದೇ ಮಾತು ಹೇಳುತ್ತ ಬಂದಳು, ಮಗಳು ತುಂಬಿದ ತೋಟಾ, ಮಗಳು ತುಂಬಿದ ತೋಟಾ ಎಂದು. ಮೂರನೇ ಸಲ ಹೇಳುವಾಗ ನಿದ್ದೆ ಹೋದಳು. ಈಗ ಸೋಫಾದಲ್ಲಿ ಮಲಗಿದ್ದಾಳೆ. ಮುಖಕ್ಕೆ ಬಣ್ಣ ಬಂದಿದೆ.

ಇನ್ನೊಂದು ಸಣ್ಣ ವಿಷಯ ಬರೆಯುವುದಿದೆ. ಗುರುವಾರ ಸಂಜೆ ಪಟ್ಟಣದ ಅಂಗಡಿಗೆ ಹೋಗಿ ಕಾರ್ಖಾನೆಯಲ್ಲಿ ತಯಾರಾದ ತೋಟಾಗಳ ಒಂದು ಪೆಟ್ಟಿಗೆ ತಂದಿದ್ದೆ. ಇವತ್ತು ಅಮ್ಮನ ಕೋವಿಗೆ ನಾನು ಹಾಕಿದ ಮೂರೂ ಅದರವು. ಖಾಲಿ ತೋಟಾವನ್ನು ಅವಳಿಗಿಂತ ಮೊದಲು ಎತ್ತಿ ಜೇಬಿಗೆ ಹಾಕಿಕೊಂಡೆ.